ನೀರು ಕುಡಿಯುವ ಗೂಡು

ಮೇ 4

ಅಕ್ಕನಿಗೆ,

ಈ ಕಾಗದದ ಜೊತೆ ಒಂದು ಸಣ್ಣ ಪೆಟ್ಟಿಗೆಯೂ ಬಂದಿರಬೇಕು. ಹತ್ತಿಯಲ್ಲಿ ಸುತ್ತಿದ್ದೇನೆ, ನಿಧಾನವಾಗಿ ಬಿಚ್ಚು. ಒಳಗಿರುವುದು ಬೆರಳುದ್ದದ ತೆಳ್ಳನೆಯ ಗಾಜಿನ ಪಟ್ಟಿಗಳು.

ಚರ್ಚಿನ ಉತ್ತರದ ಗೋಡೆ, ಅಂದರೆ ನಿನ್ನ ಮನೆ ಒರಗಿಕೊಂಡಿರುವ ಗೋಡೆ, ಒಳಬದಿಯಲ್ಲಿ ಬಿರುಕು ಬಿಟ್ಟಿದೆ ಎಂದು ಬಿಷಪರ ಕಚೇರಿಯಿಂದ ತಿಳಿಸಿದ್ದಾರೆ. ಕಟ್ಟಡದ ಎಂಜಿನಿಯರು, ಮೇಲಾಗಿ ಆ ಚರ್ಚಿನ ಬೀಗದ ಕೈ ಕಾಯುವ ಮನೆಯಲ್ಲೇ ಹುಟ್ಟಿದವನು ಎಂದು ವರದಿ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ. ಗಾಜನ್ನು ಬಿರುಕಿಗೆ ಅಡ್ಡವಾಗಿ ಇಟ್ಟು ಎರಡೂ ತುದಿಗೆ ಗಾರೆ ಮೆತ್ತು. ಗೋಡೆ ಅಲುಗುತ್ತಿದ್ದರೆ ಗಾಜು ಒಡೆಯುತ್ತದೆ, ಇಲ್ಲದಿದ್ದರೆ ಇಲ್ಲ. ಇದಕ್ಕಿಂತ ಸರಳವಾದ ಸಾಕ್ಷಿ ಇನ್ನೊಂದಿಲ್ಲ. ಒಂದೆರಡು ಹೆಚ್ಚಿಗೆಯೇ ಇಟ್ಟಿದ್ದೇನೆ.

ಮಳೆಗಾಲ ಮುಗಿದ ಮೇಲೆ ಬರುತ್ತೇನೆ. ಈಗ ಬಂದರೆ ಎಂಜಿನಿಯರ್ ಬಂದ ಎನ್ನುವುದಿಲ್ಲ, ನಿನ್ನ ತಮ್ಮ ಬಂದ ಎನ್ನುತ್ತಾರೆ. ಫೋನಿನಲ್ಲಿ ಮಾತಾಡಿದರೆ ನಾವಿಬ್ಬರೂ ಜಗಳಕ್ಕೆ ನಿಲ್ಲುತ್ತೇವೆ, ಅದಕ್ಕೇ ಈ ಕಾಗದ.

ತಮ್ಮ

*

ಮೇ 17

ಪ್ರೀತಿಯ ತಮ್ಮನಿಗೆ,

ಪೆಟ್ಟಿಗೆ ಬಂತು. ಒಂದೂ ಒಡೆದಿಲ್ಲ. ನೀನು ಇಷ್ಟು ಜೋಪಾನವಾಗಿ ಏನನ್ನಾದರೂ ಕಟ್ಟಿದ್ದು ಇದೇ ಮೊದಲು.

ಬಿರುಕಿನ ಮೇಲ್ತುದಿಗೆ, ನಡುವಿಗೆ, ಕೆಳಗೆ ಒಂದೊಂದು ಹಾಕಿದ್ದೇನೆ. ಗಂಟೆ ಮಾಮ ಏಣಿ ಹಿಡಿದರು. ಒಣಬಟ್ಟೆಯಲ್ಲಿ ಗೋಡೆ ಒರೆಸಿ, ಅಮ್ಮ ಕಲಿಸಿದ ಹಾಗೆ ಉಗುರೂ ತಾಗಿಸದೆ ಅಂಟಿಸಿದೆ. ಮಾಮನಿಗೆ ಗಂಟೆ ಹೊಡೆದು ಹೊಡೆದು ಕಿವಿ ಹೋಗಿದೆ, ಬಾಯಿ ಹೋಗಿಲ್ಲ. "ಗೋಡೆಗೆ ಜ್ವರ ನೋಡೋ ಕಡ್ಡಿ ಇಟ್ಟ ಹಾಗಾಯ್ತಲ್ಲಮ್ಮ" ಎಂದು ಚರ್ಚಿಗೆಲ್ಲ ಕೇಳುವ ಹಾಗೆ ಕೂಗಿದರು.

ಈಗ ನಾನೊಂದು ಕೇಳುತ್ತೇನೆ. ಮೊನ್ನೆ ಹೊಸ ಫಾದರ್ ನನ್ನ ಮನೆಗೆ ಬಂದು ಟೇಪು ಹಿಡಿದು ಅಳೆದರು. ಯಾಕೆ ಫಾದರ್ ಎಂದರೆ "ಸುಮ್ನೆ, ಒಂದು ಅಂದಾಜಿಗೆ" ಅಂದರು. ಸುಮ್ಮನೆ ಯಾರೂ ಬಗ್ಗಿ ಒಲೆಯ ಹಿಂದೆ ಟೇಪು ತೂರಿಸುವುದಿಲ್ಲ. ಬಂದವರಿಗೆಲ್ಲ ಅವರು ಮುಂಬಾಗಿಲ ಮೇಲಿನ ಕಲ್ಲು ತೋರಿಸುತ್ತಾರೆ. ಮೊದಲ ಗುರುಗಳು ಅಡಿಪಾಯದಿಂದ ಶಿಲುಬೆಯವರೆಗೆ ಒಂದೇ ವರ್ಷದಲ್ಲಿ ಚರ್ಚು ಎಬ್ಬಿಸಿದರು ಎಂದು ಕೊರೆದಿದೆಯಲ್ಲ, ಅದು. ಆಮೇಲೆ ನನ್ನ ಮನೆಯ ಕಡೆ ಕೈ ಬೀಸಿ, "ಅದು ಬಿಡಿ, ಆಮೇಲೆ ಯಾರೋ ಒರಗಿಸಿದ ಕೊಟ್ಟಿಗೆ" ಅನ್ನುತ್ತಾರೆ. ನಾನು ಕೊಟ್ಟಿಗೆಯ ಬಾಗಿಲಲ್ಲೇ ನಿಂತಿರುತ್ತೇನೆ.

ಅಮ್ಮ ಸತ್ತ ಮೇಲೆ ಈ ಮನೆ, ಈ ಬೀಗದ ಕೈ, ಪೂಜಾವಸ್ತ್ರ ಒಗೆದು ಮಡಿಸುವ ಕೆಲಸ, ಇಷ್ಟೇ ನನಗಿರುವುದು. ಇದು ಹೋದರೆ ಎಲ್ಲಿಗೆ ಹೋಗಬೇಕು ಎಂದು ನನಗೆ ಗೊತ್ತಿಲ್ಲ. ನಿನ್ನ ವರದಿಯಲ್ಲಿ ನನ್ನ ಮನೆಯ ಮಾತು ಬರುತ್ತದೆಯೇ? ಹೌದು ಅಥವಾ ಇಲ್ಲ, ಅಷ್ಟು ಬರೆ.

ಅಕ್ಕ

*

ಜೂನ್ 3

ಅಕ್ಕನಿಗೆ,

ಮೂರು ಗಾಜಿನ ಫೋಟೋ ಬೇಕು, ಹತ್ತಿರದಿಂದ ತೆಗೆದದ್ದು. ಗೋಡೆಯ ನಿನ್ನ ಬದಿಯಲ್ಲೂ, ಅಂದರೆ ಅಡುಗೆಮನೆಯೊಳಗೂ ಬಿರುಕಿದೆಯೇ ನೋಡು. ಇದ್ದರೆ ಗೋಡೆಯ ದಪ್ಪಕ್ಕೂ ಹಾದುಹೋಗಿದೆ ಎಂದರ್ಥ. ಅದು ಒಳ್ಳೆಯದಲ್ಲ.

ಹಳೆಯ ನಕ್ಷೆ ನೋಡುತ್ತಾ ಒಂದು ನೆನಪಾಯಿತು. ದಕ್ಷಿಣಕ್ಕೆ ನಾಲ್ಕು ಕಿಟಕಿ, ಉತ್ತರಕ್ಕೆ ಮೂರೇ. ಇಷ್ಟು ಅಳತೆಯಿಟ್ಟು ಕಟ್ಟಿದವರು ಒಂದು ಕಿಟಕಿ ಯಾಕೆ ಬಿಟ್ಟರು? ಅಮ್ಮ ಏನೋ ಕಾರಣ ಹೇಳುತ್ತಿದ್ದಳು, ಮರೆತಿದ್ದೇನೆ.

ಮನೆಯ ವಿಷಯ: ಗಾಜು ಏನು ಹೇಳುತ್ತದೋ ನೋಡೋಣ. ಈಗಲೇ ಏನನ್ನೂ ಹೇಳುವುದು ಸರಿಯಲ್ಲ.

ತಮ್ಮ

*

ಜೂನ್ 22

ತಮ್ಮನಿಗೆ,

ಹೌದು ಅಥವಾ ಇಲ್ಲ ಎಂದು ಕೇಳಿದ್ದೆ. ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ.

ಉತ್ತರದ ಗಾಳಿ ಕೆಟ್ಟದ್ದು, ಮೇಣದಬತ್ತಿ ಆರಿಸುತ್ತದೆ, ಅದಕ್ಕೆ ಆ ಕಡೆ ಒಂದು ಕಿಟಕಿ ಕಡಿಮೆ ಎಂದು ಅಮ್ಮ ಹೇಳುತ್ತಿದ್ದಳು. ಉಳಿದ ಮೂರು ಕಿಟಕಿಗಳಿಂದ ಬರುವ ಗಾಳಿ ಒಳ್ಳೆಯದೇ ಎಂದು ನೀನು ಕೇಳಿ ಬೈಸಿಕೊಂಡಿದ್ದೆ. ಅದನ್ನು ಮಾತ್ರ ಮರೆತೆಯಾ?

ಫೋಟೋ ಇಟ್ಟಿದ್ದೇನೆ. ಮೂರು ಗಾಜೂ ಸರಿಯಾಗಿವೆ. ಮಳೆ ಜೋರಾಗಿ ಹಿಡಿದಿದೆ, ಆದರೂ ಸರಿಯಾಗಿವೆ. ನನ್ನ ಬದಿಯಲ್ಲಿ ಬಿರುಕು ಇಲ್ಲ. ಅಲ್ಲಿ ಪಾತ್ರೆ ಕಪಾಟಿದೆ.

ಹೊಸ ಫಾದರ್ ದಿನಕ್ಕೊಮ್ಮೆ ಗೋಡೆಯ ಹತ್ತಿರ ಬಂದು ನಿಲ್ಲುತ್ತಾರೆ. ಗಾಜು ನೋಡುತ್ತಾರೆ, ನನ್ನ ಮುಖ ನೋಡುತ್ತಾರೆ. ರಾತ್ರಿ ಬೀಗ ಹಾಕಿದ ಮೇಲೆ ಒಳಗೆ ಹೋಗಲು ಇನ್ನೊಂದು ಕೀಲಿ ಇರುವುದು ಅವರೊಬ್ಬರ ಹತ್ತಿರ. ನಾನು ಏನೂ ಹೇಳುತ್ತಿಲ್ಲ.

ಅಕ್ಕ

*

ಜುಲೈ 4

ಅಕ್ಕನಿಗೆ,

ಫೋಟೋ ತಲುಪಿದವು.

ನಾನು ಕಳಿಸಿದ ಪಟ್ಟಿಗಳ ಅಂಚು ಉಜ್ಜಿ ಮಂಕು ಮಾಡಿದ್ದು. ಇವುಗಳ ಅಂಚು ಹೊಳೆಯುತ್ತಿದೆ. ದಪ್ಪವೂ ಹೆಚ್ಚು. ಇದು ಪಟಗಳಿಗೆ ಹಾಕುವ ಗಾಜು. ಯಾರೋ ಕೈಯಲ್ಲೇ ಕತ್ತರಿಸಿದ್ದಾರೆ, ಮೂಲೆ ಓರೆಯಾಗಿದೆ.

ನನ್ನವು ಏನಾದವು? ಯಾವಾಗ ಒಡೆದವು? ಎಷ್ಟು ಸಲ ಬದಲಾಯಿಸಿದೆ? ನಿನ್ನನ್ನು ನಂಬಿ ನಾನು ವರದಿಗೆ ಸಹಿ ಹಾಕಿ, ನಾಳೆ ಭಾನುವಾರದ ಪೂಜೆಯ ನಡುವೆ ಆ ಗೋಡೆ ಒಳಕ್ಕೆ ಮಗುಚಿದರೆ, ಆಗ ಅಲ್ಲಿ ಮೊದಲ ಸಾಲಿನಲ್ಲಿ ಕೂತಿರುವವಳು ನೀನೇ ಎಂದು ನಿನಗೂ ಗೊತ್ತು. ಪಾತ್ರೆ ಕಪಾಟಿನ ಹಿಂದೆ ಏನಿದೆ ಎಂದೂ ಬರೆ. ಕಪಾಟಿದೆ ಎಂದು ಬರೆದಿದ್ದೀಯ, ಬಿರುಕು ಕಾಣುತ್ತಿಲ್ಲ ಎಂದು ಬರೆದಿಲ್ಲ.

ತಮ್ಮ

*

ಆಗಸ್ಟ್ 19

ಎಂಜಿನಿಯರ್ ಸಾಹೇಬರಿಗೆ,

ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸಬೇಕು. ಏನು ಬರೆದರೂ ಅದರ ಅಂಚು ಹೊಳೆಯುತ್ತದೆಯೋ ಮಂಕಾಗಿದೆಯೋ ಎಂದು ನೀವು ಮೊದಲು ನೋಡುತ್ತೀರಿ ಎಂಬ ಭಯವಿತ್ತು.

ಹಿಂದಿನ ವಾರ ಪೂಜಾವಸ್ತ್ರ ಮಡಿಸುತ್ತಿದ್ದೆ. ಫಾದರ್ ಬಂದು ಕುರ್ಚಿ ಎಳೆದುಕೊಂಡು ಕೂತರು. ಮುಖ ತುಂಬ ಮೃದುವಾಗಿತ್ತು. ಅವರ ಮುಖ ಮೃದುವಾದರೆ ಏನೋ ಕಾದಿದೆ ಎಂದೇ ಅರ್ಥ.

"ನಿಮ್ಗೆ ಬೇರೆ ಕಡೆ ಒಂದು ರೂಮು ನೋಡ್ತಾ ಇದ್ದೀವಿ" ಅಂದರು.

"ನಾನು ಕೇಳ್ಲಿಲ್ವಲ್ಲ ಫಾದರ್."

"ನಿಮ್ಮ ತಮ್ಮನವರು ಏಪ್ರಿಲ್‌ನಲ್ಲೇ ಹೇಳಿದ್ರಲ್ಲ. ಕೊಟ್ಟಿಗೆ ಭಾರಕ್ಕೇ ಗೋಡೆ ಎಳೀತಿದೆ, ಅದನ್ನ ತೆಗೆದ್ರೆ ಚರ್ಚು ಉಳಿಯುತ್ತೆ ಅಂತ. ನಿಮ್ಗೆ ಬರೆದಿರ್ಬೇಕು ಅಂದ್ಕೊಂಡಿದ್ದೆ."

"ಬರೆದಿದ್ದಾನೆ" ಅಂದೆ. ನಿಮ್ಮ ಮಾನ ಉಳಿಸಿದೆ. ಕೈಯಲ್ಲಿದ್ದ ಬಟ್ಟೆಯನ್ನು ಬಿಚ್ಚಿ ಇನ್ನೊಮ್ಮೆ ಮಡಿಸಿದೆ.

ಏಪ್ರಿಲ್. ಗಾಜು ಬಂದದ್ದು ಮೇ ತಿಂಗಳಲ್ಲಿ. ತೀರ್ಪು ಮೊದಲು, ಸಾಕ್ಷಿ ಆಮೇಲೆ. ಗಾಜು ಏನು ಹೇಳುತ್ತದೋ ನೋಡೋಣ ಎಂದು ನನಗೆ ಬರೆದಿರಲ್ಲ, ಯಾರ ಗಾಜು ಸ್ವಾಮಿ ಅದು?

ಹೌದು, ನಿಮ್ಮವು ಒಡೆದವು. ಮೊದಲ ಮಳೆಗೇ ನಡುವಿನದು, ಆಮೇಲೆ ಉಳಿದೆರಡು, ಹೆಚ್ಚಿಗೆ ಇಟ್ಟವೂ ಒಂದಾದ ಮೇಲೊಂದು. ಮೊದಮೊದಲು ಫಾದರ್ ಮೇಲೇ ಅನುಮಾನಪಟ್ಟೆ. ಮುಂಬಾಗಿಲಿನ ಒಳಗೆ ನೆಲಕ್ಕೆ ಸುಣ್ಣದ ಪುಡಿ ಉದುರಿಸಿ ಹೆಜ್ಜೆ ನೋಡಿದೆ. ನನ್ನವೇ ಇದ್ದವು. ಅಂಟಿಸುವುದರಲ್ಲೇ ತಪ್ಪಿದೆನೇನೋ ಎಂದು ಮತ್ತೆ ಮತ್ತೆ ಮಾಡಿದೆ. ಅಮ್ಮ ಇದ್ದಿದ್ದರೆ ಹೇಗೆ ಮಾಡುತ್ತಿದ್ದಳೋ ಹಾಗೇ ಮಾಡಿದೆ, ಸುಣ್ಣದ ಮೇಲೆ ಒಂದು ಗೀರೂ ಬೀಳದ ಹಾಗೆ. ಆದರೂ ಒಡೆದವು. ಕೊನೆಗೆ ಗಂಟೆ ಮಾಮನಿಂದ ಪಟದ ಗಾಜು ಕತ್ತರಿಸಿಸಿ ಹಾಕಿದೆ. ಯಾವ ಪಟದ್ದು ಎಂದು ಕೇಳಬೇಡಿ. ಅಮ್ಮ ಈಗ ಗಾಜಿಲ್ಲದೆ ಗೋಡೆಯ ಮೇಲಿದ್ದಾಳೆ, ಧೂಳು ಕೂರುತ್ತದೆ, ದಿನಾ ಒರೆಸುತ್ತೇನೆ. ದಪ್ಪವಾದ್ದರಿಂದ ಅವು ಒಡೆಯಲಿಲ್ಲ. ಗಾರೆಯ ಹತ್ತಿರ ಸುಣ್ಣದ ಸಮೇತ ಎದ್ದು ಬಂದವು.

ಕಪಾಟಿನ ಹಿಂದೆಯೂ ಬಿರುಕಿದೆ. ಬರೆದುಕೊಳ್ಳಿ. ನಾನು ಚಿಕ್ಕವಳಿದ್ದಾಗಿನಿಂದ ಇದೆ. ಆ ಬದಿಯಲ್ಲಿ ಎಲ್ಲಿದೆಯೋ ಈ ಬದಿಯಲ್ಲೂ ಅಲ್ಲೇ, ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗೆ ನೆಲದವರೆಗೂ ಇಳಿದಿದೆ. ಇನ್ನು ಕೆಡವಿಸುವುದಕ್ಕೆ ನಿಮಗೆ ಅಡ್ಡಿಯಿಲ್ಲ.

ಬೀಗದ ಕೈ ಕಾಯುವವಳು

*

ಆಗಸ್ಟ್ 26

ಅಕ್ಕ,

ಕಾಗದ ಇವತ್ತೇ ಬಂತು. ಕೂಡಲೇ ಬರೆಯುತ್ತಿದ್ದೇನೆ, ಬೈಗುಳಕ್ಕೆ ಆಮೇಲೆ ಉತ್ತರ ಕೊಡುತ್ತೇನೆ.

ಫಾದರ್ ಹೇಳಿದ್ದು ನಿಜ. ಅವರು ಫೋನು ಮಾಡಿ ಬಿರುಕು ಹೇಗಿದೆ ಎಂದು ವಿವರಿಸಿದರು, ನಾನು ಒಂದು ಅಂದಾಜು ಹೇಳಿದೆ. ಅಂದಾಜು ಎಂಬ ಮಾತನ್ನೂ ಹೇಳಿದ್ದೆ. ಅವರು ಅದನ್ನು ಬಿಟ್ಟು ಉಳಿದದ್ದು ಹಿಡಿದುಕೊಂಡರು. ನಿನಗೆ ಬರೆಯಬೇಕಿತ್ತು. ಗಾಜು ಒಡೆಯದಿದ್ದರೆ ಬರೆಯುವ ಪ್ರಸಂಗವೇ ಬರುವುದಿಲ್ಲ ಎಂದುಕೊಂಡೆ. ನಾನೇ ಅಲ್ಲಿಗೆ ಬರದೇ ಇದ್ದುದಕ್ಕೂ ಇದೇ ಕಾರಣ. ನಿನ್ನ ಅಡುಗೆಮನೆಯಲ್ಲಿ ಕೂತು ಅದನ್ನು ಹೇಳುವುದು ನನ್ನಿಂದಾಗುತ್ತಿರಲಿಲ್ಲ.

ಈಗ ಗೋಡೆ. ಸುಣ್ಣದ ಮೇಲೆ ಗೀರೂ ಬೀಳದ ಹಾಗೆ ಅಂಟಿಸಿದೆ ಎಂದಿದ್ದೀಯ. ಮೇ ತಿಂಗಳ ಕಾಗದ ತೆಗೆದು ನೋಡಿದರೆ ಅಲ್ಲೂ ಉಗುರು ತಾಗಿಸಲಿಲ್ಲ ಎಂದಿದೆ. ಮೊದಲ ಸಲ ಓದಿ ದಾಟಿಹೋಗಿದ್ದೆ. ಗಾಜನ್ನು ಕಲ್ಲಿನ ಮೇಲೆ ಅಂಟಿಸಬೇಕು ಅಕ್ಕ, ಸುಣ್ಣ ಕೆರೆದು, ಕಲ್ಲು ಕಾಣಿಸಿದ ಮೇಲೆ. ಯಾವ ಮೇಸ್ತ್ರಿಗೂ ಇದನ್ನು ಬರೆಯಬೇಕಾಗಿಲ್ಲ. ನಮ್ಮ ಮನೆಯಲ್ಲಿ ಬೆಳೆದವರಿಗೆ ಮಾತ್ರ ಬರೆಯಬೇಕಿತ್ತು. ಆ ಗೋಡೆಯ ಮೇಲೆ ಮೊಳೆಯಲ್ಲಿ ಮೀನು ಗೀಚಿ ಅಮ್ಮನಿಂದ ಏಟು ತಿಂದ ನನಗೇ ಇದು ಹೊಳೆಯಬೇಕಿತ್ತು. ವರ್ಷವರ್ಷವೂ ಬಳಿದ ಸುಣ್ಣ ಪದರ ಕಟ್ಟಿ ಕಲ್ಲನ್ನು ಬಿಟ್ಟು ನಿಂತಿದೆ. ತೇವಕ್ಕೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ. ಅಲುಗುತ್ತಿರುವುದು ಅದು. ಗೋಡೆಯ ವಿಷಯ ನಮಗೆ ಇನ್ನೂ ಏನೂ ಗೊತ್ತಿಲ್ಲ.

ಇನ್ನೊಂದು. ಗೋಡೆ ಕುಸಿದು ಬಿಟ್ಟ ಬಿರುಕು ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗಿದೆ ಎಂದೆಯಲ್ಲ. ದಾರಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ನೋಡು. ಆಮೇಲೆ ಎರಡೂ ಬದಿ ಕೆರೆ. ಬಿರುಕಿನ ಪಕ್ಕ ಒಂದು ಆಳಗಲ, ಆಳೆತ್ತರ. ಫಾದರ್ ಎದುರಿಗೇ ಮಾಡು.

ನಂಬುತ್ತೀಯೋ ಇಲ್ಲವೋ ಗೊತ್ತಿಲ್ಲ. ಕೆರೆ.

ತಮ್ಮ

*

ಸೆಪ್ಟೆಂಬರ್ 12

ತಮ್ಮನಿಗೆ,

ನಂಬಲಿಲ್ಲ. ನನ್ನ ಕೈಯಿಂದಲೇ ಗೋಡೆ ಹಾಳು ಮಾಡಿಸಿ, ಫೋಟೋ ತೆಗೆಸಿ, ನೋಡಿ ಹೇಗಿದೆ ಎಂದು ಬಿಷಪರ ಮುಂದೆ ಇಡುತ್ತೀಯ ಎಂದುಕೊಂಡೆ. ಕಾಗದವನ್ನು ಗಂಟೆ ಮಾಮನಿಗೆ ಓದಿ ಹೇಳಿದೆ. ಅವರು, "ನಿನ್ ತಮ್ಮ ಕಳ್ಳ ಇರ್ಬಹುದು ಕಣಮ್ಮ, ದಡ್ಡ ಅಲ್ಲ. ಕೆರೆದು ನೋಡು" ಅಂದರು. ನಿನ್ನ ಪರವಾಗಿ ಇದಕ್ಕಿಂತ ಒಳ್ಳೆಯ ಮಾತು ಈ ಕಡೆ ಯಾರ ಬಾಯಿಂದಲೂ ಬರಲಿಲ್ಲ.

ದಾರ ಇಳಿಬಿಟ್ಟೆವು. ಬಿರುಕು ದಾರದ ಜೊತೆಗೇ ಇಳಿಯಿತು, ಒಂದು ಕೂದಲಷ್ಟೂ ಆಚೀಚೆ ಇಲ್ಲ.

ಮೊದಲ ಗೀರು ಹಾಕುವಾಗ ಅಮ್ಮನ ಕೈ ಬೆನ್ನ ಮೇಲೆ ಬೀಳುತ್ತದೆಂದೇ ಕಾದೆ. ಸುಣ್ಣ ತಟ್ಟೆಯಷ್ಟಗಲ ಹಾಳೆ ಹಾಳೆಯಾಗಿ ಎದ್ದು ಬಂತು, ಹಿಂದೆ ಟೊಳ್ಳು. ಒಳಗೆ ಕಲ್ಲು. ಬಿರುಕಿನ ಬಲಕ್ಕೆ ಒರಟು ಕಲ್ಲು, ಎಡಕ್ಕೆ ನಯವಾಗಿ ಕೆತ್ತಿದ ಕಲ್ಲು, ಒಂದರ ಮೇಲೊಂದು ಕಂಬದ ಹಾಗೆ. ಅದರಲ್ಲಿ ಕೀಲು ಕೂರಿಸುವ ಕಬ್ಬಿಣದ ಮೊಂಡು ಇನ್ನೂ ಇದೆ. ಅದು ಬಾಗಿಲು ಕಣೋ. ಯಾರೋ ಮುಚ್ಚಿದ ಬಾಗಿಲು. ಕೆಳಗೆ ಹೊಸ್ತಿಲಿದೆ, ನಡುವೆ ಸವೆದು ದೋಣಿಯ ಹಾಗಾಗಿದೆ.

ಚರ್ಚಿನ ಬದಿಯಲ್ಲಿ ಮೇಲೆ ಕೆರೆದಾಗ ಇನ್ನೊಂದು ಕಂಡಿತು. ಸುಣ್ಣದ ಗಂಟು ಎಂದುಕೊಂಡಿದ್ದೆವಲ್ಲ, ಆ ಉಬ್ಬು, ಅದು ಕಲ್ಲಿನ ಅಂಚು. ಬಾಗಿಲ ತಲೆಯ ಮೇಲೆ ಹುಬ್ಬಿನ ಹಾಗೆ ಬಾಗಿ ಎರಡೂ ಪಕ್ಕಕ್ಕೆ ಇಳಿದಿದೆ.

"ಇದು ಮಳೆ ನೀರು ಜಾರೋಕೆ ಇಡೋದು" ಅಂದರು ಮಾಮ.

ಫಾದರ್ ನಕ್ಕರು. "ಚರ್ಚಿನ ಒಳಗೆ ಮಳೆ ಎಲ್ಲಿಂದ ಬರುತ್ತೆ ಮಾಮ?"

"ಆಗ ಇದು ಒಳಗಾಗಿತ್ತು ಅಂತ ಯಾರು ಹೇಳಿದ್ರು?" ಅಂದೆ ನಾನು. ಅಂದ ಮೇಲೆ ನನಗೇ ಅರ್ಥವಾಯಿತು, ಈ ಮುಖ ಹೊರಗಿತ್ತೆಂದರೆ ಒಳಗಿದ್ದದ್ದು ನನ್ನ ಮನೆ.

ಫಾದರ್ ನಗು ನಿಲ್ಲಿಸಿದರು. ಹೊರಗೆ ಹೋಗಿ ಮುಂಬಾಗಿಲ ಮೇಲಿನ ಕಲ್ಲನ್ನು ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಮನೆಯೊಳಗೆ ಬಂದರು. ಪೂರ್ವದ ಕಿರಿ ಕಿಟಕಿ, ತಲೆ ತಾಗುವ ಕಮಾನು, ಎಲ್ಲ ಮೊದಲ ಸಲ ನೋಡುವ ಹಾಗೆ ನೋಡಿದರು. ಒಲೆಯ ಮುಂದೆ ನಿಂತು ಶಿಲುಬೆಯ ಗುರುತು ಹಾಕಿಕೊಂಡರು. ನನ್ನ ಒಲೆಯ ಮುಂದೆ.

ಕೊಟ್ಟಿಗೆಯಾಗಿದ್ದರೆ ಕೆಡವುತ್ತಿದ್ದರು. ಹಳೆಯ ದೇವಾಲಯವಾದರೆ ಕಾಯುತ್ತಾರೆ, ಕಾಯಲು ಮೊದಲು ನನ್ನನ್ನು ಹೊರಗೆ ಹಾಕುತ್ತಾರೆ. ದೇವರು ಇದ್ದ ಜಾಗದಲ್ಲಿ ನನಗೆ ಒಲೆ ಹಚ್ಚಲು ಬಿಡುತ್ತಾರೆಯೇ? ಹೇಗೆ ಹೋದರೂ ನನಗೆ ತೋರಿಸುವುದು ಬಾಗಿಲೇ. ಇದು ಮೊದಲೇ ನಿನಗೆ ಗೊತ್ತಿತ್ತೇ?

"ಈ ಗೂಡು ಏನು?" ಎಂದು ಫಾದರ್ ಒಲೆಯ ಬಲಗಡೆಯ ಗೋಡೆ ತೋರಿಸಿ ಕೇಳಿದರು. ಉಪ್ಪಿನ ಭರಣಿ ಮುಂದಕ್ಕೆ ಸರಿಸಿ, "ಉಪ್ಪು ಇಡೋದು ಫಾದರ್" ಅಂದೆ. ಅದು ನೀರು ಕುಡಿಯುತ್ತದೆ ಎಂದು ಹೇಳಲಿಲ್ಲ. ನಾವಿಬ್ಬರೂ ಲೋಟಗಟ್ಟಲೆ ಸುರಿದು ಗೋಡೆಗೆ ಕಿವಿ ಇಡುತ್ತಿದ್ದೆವಲ್ಲ, ಅದು. ಅದೇನೆಂದು ನಿನಗೆ ಗೊತ್ತಿದ್ದರೆ ಹೇಳು. ಗೊತ್ತಿದ್ದೂ ಹೇಳದಿದ್ದರೆ ಅದೂ ನನಗೆ ತಿಳಿಯುತ್ತದೆ. ಚರ್ಚಿನ ಗೋಡೆಗಳದ್ದೂ ನನ್ನ ಅಡುಗೆಮನೆಯದ್ದೂ ಫೋಟೋ ಜೊತೆಗಿಟ್ಟಿದ್ದೇನೆ.

ಅಕ್ಕ

*

ಸೆಪ್ಟೆಂಬರ್ 25

ಅಕ್ಕನಿಗೆ,

ಗೊತ್ತಿರಲಿಲ್ಲ. ನಿನ್ನ ಕಾಗದ ಓದಿದ ಮೇಲೆ ಗೊತ್ತಾಯಿತು.

ಪೂಜೆಯ ಪಾತ್ರೆ ತೊಳೆದ ನೀರನ್ನು ಚರಂಡಿಗೆ ಬಿಡುವುದಿಲ್ಲ. ನೆಲಕ್ಕೇ ಹೋಗಬೇಕು. ಅದಕ್ಕೆ ಬಲಿಪೀಠದ ಬಲಗಡೆ ಗೋಡೆಯಲ್ಲಿ ಇಂಥ ಗೂಡು ಮಾಡಿ, ತಳದಲ್ಲಿ ತೂತಿಟ್ಟು, ಗೋಡೆಯೊಳಗಿಂದಲೇ ಮಣ್ಣಿಗೆ ಇಳಿಸುತ್ತಿದ್ದರು. ಹಾಗಾದರೆ ಬಲಿಪೀಠ ಇದ್ದದ್ದು ನಿನ್ನ ಒಲೆ ಇರುವಲ್ಲಿ, ಆ ಕಿರಿ ಕಿಟಕಿಯ ಕೆಳಗೆ. ನಿನ್ನ ಅಡುಗೆಮನೆ ಚರ್ಚಿಗೆ ಒರಗಿಲ್ಲ. ಚರ್ಚು ನಿನ್ನ ಅಡುಗೆಮನೆಗೆ ಒರಗಿದೆ. ಮೊದಲು ಆ ಪುಟ್ಟ ಗುಡಿ ಇತ್ತು. ದೊಡ್ಡ ಚರ್ಚು ಎಬ್ಬಿಸುವಾಗ ಅದರ ದಕ್ಷಿಣದ ಗೋಡೆಯನ್ನು ಹಾಗೆಯೇ ಸೇರಿಸಿಕೊಂಡು ಬಾಗಿಲು ಮುಚ್ಚಿದರು. ನಾಲ್ಕನೆಯ ಕಿಟಕಿಗೆ ಅದಕ್ಕೇ ಜಾಗವಿಲ್ಲ. ಒಂದೇ ವರ್ಷದಲ್ಲಿ ಮುಗಿಸಿದ್ದೂ ನಿಜವಿರಬಹುದು, ಒಂದು ಗೋಡೆ ಪುಕ್ಕಟೆ ಸಿಕ್ಕಿತ್ತಲ್ಲ.

ಗೂಡಿನ ವಿಷಯ ವರದಿಯಲ್ಲಿ ಬರೆದಿದ್ದೇನೆ. ಬಚ್ಚಿಡಲು ಆಗುವುದಿಲ್ಲ. ಬೈ, ಆದರೆ ಕೊನೆಯವರೆಗೆ ಓದಿ ಬೈ.

ನೀನು ಕಳಿಸಿದ ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿದೆ. ಚರ್ಚಿನ ಗೋಡೆಗಳೆಲ್ಲ ಸೊಂಟದೆತ್ತರ ತೇವ ಹೀರಿ ಕಪ್ಪಾಗಿವೆ. ಒಂದೇ ಕಡೆ ಇಲ್ಲ, ನಿನ್ನ ಒಲೆಯ ಹಿಂದೆ. ಅಲ್ಲಿ ಕಲ್ಲು ಒಣಗಿದೆ, ಗಾರೆ ಗಟ್ಟಿಯಿದೆ. ಆದ್ದರಿಂದ ಹೀಗೆ ಬರೆದೆ: ಬಿರುಕು ಎಂದದ್ದು ಮುಚ್ಚಿದ ಬಾಗಿಲಿನ ಸಂದು, ಗೋಡೆ ಅಲುಗುತ್ತಿರುವ ಕುರುಹಿಲ್ಲ. ಕೋಣೆಯನ್ನು ಕೆಡವಬಾರದು. ಬೀಗ ಹಾಕಿಯೂ ಇಡಬಾರದು. ಬೆಂಕಿ ಆರಿದರೆ ತೇವ ಏರುತ್ತದೆ, ತೇವ ಏರಿದರೆ ಅತಿ ಹಳೆಯ ಗೋಡೆಯೇ ಮೊದಲು ಹೋಗುತ್ತದೆ. ಅಲ್ಲಿ ಯಾರಾದರೂ ವಾಸವಿದ್ದು ದಿನವೂ ಒಲೆ ಹಚ್ಚುತ್ತಿರಬೇಕು.

ಒಪ್ಪುತ್ತಾರೋ ಇಲ್ಲವೋ ಹೇಳಲಾರೆ. ಹೊಸ ಪೆಟ್ಟಿಗೆಯಲ್ಲಿ ಗಾಜಿದೆ. ಈ ಸಲ ಕಲ್ಲಿನ ಮೇಲೆ.

ತಮ್ಮ

*

ಅಕ್ಟೋಬರ್ 18

ತಮ್ಮನಿಗೆ,

ಬಿಷಪರ ಕಚೇರಿಯವರು ಬಂದು ಹೋದರು. ಹೊಸ್ತಿಲು ತಡವಿದರು, ಗೂಡಿಗೆ ಒಂದು ಲೋಟ ನೀರು ಸುರಿದು, ದೊಡ್ಡ ಮನುಷ್ಯರೆಲ್ಲ ಗೋಡೆಗೆ ಕಿವಿ ಇಟ್ಟು ನಿಂತರು. ನಗು ತಡೆಯುವುದು ಕಷ್ಟವಾಯಿತು. ಗೂಡಿನಲ್ಲಿ ಏನೂ ಇಡಬಾರದು, ಗೋಡೆಗೆ ಮೊಳೆ ಹೊಡೆಯಬಾರದು ಎಂದರು. ಮೊಳೆಯ ಮಾತು ಈ ಮನೆಯಲ್ಲಿ ಹೊಸದಲ್ಲ ಎಂದೆ. ನಾನು ಇರಬಹುದಂತೆ. ಬೇರೆ ಏನಾದರೂ ತೀರ್ಮಾನ ಆಗುವವರೆಗೆ ಎಂದು ಸೇರಿಸಿದರು. ಆ ಬಾಲವನ್ನು ನಾನು ಗಮನಿಸಿದ್ದೇನೆ.

ಫಾದರ್ ಈಗ ಬಂದವರಿಗೆ ಮುಂಬಾಗಿಲ ಕಲ್ಲು ತೋರಿಸುವುದಿಲ್ಲ. ನನ್ನ ಬಾಗಿಲಿಗೇ ಕರೆತರುತ್ತಾರೆ. "ಇದೇ ಮೂಲ, ಮೊದಲಿಂದ್ಲೂ ನಂಗೆ ಅನುಮಾನ ಇತ್ತು" ಅನ್ನುತ್ತಾರೆ. ಗಂಟೆ ಮಾಮ ಹಿಂದಿನಿಂದ, "ಟೇಪಲ್ಲಿ ಅಳೆದೇ ಕಂಡುಹಿಡಿದ್ರು" ಎಂದು ಕೂಗಿದರು. ಕಿವಿ ಕೇಳದವರಿಗೆ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುವುದಿಲ್ಲ ಎಂದು ನಾನು ಫಾದರ್‌ಗೆ ಸಮಾಧಾನ ಹೇಳಿದೆ.

ನಿನ್ನ ವರದಿಯನ್ನು ಫಾದರ್ ಓದಿ ಹೇಳಿದರು. ಒಲೆಯ ಮಾತು ಬಂದಾಗ ಇನ್ನೊಮ್ಮೆ ಓದಿಸಿದೆ. ಯಾರಾದರೂ ವಾಸವಿರಬೇಕು ಎಂದು ಬರೆದಿದ್ದೀಯ. ನಿಜವಾಗಿಯೂ ಗೋಡೆಗಾಗಿ ಬರೆದೆಯೋ, ಇಲ್ಲ ನನಗಾಗಿ ಬರೆದು ಗೋಡೆಯ ಹೆಸರು ಹೇಳಿದೆಯೋ? ನಾಲ್ಕು ದಿನ ಇದನ್ನೇ ಯೋಚಿಸಿದೆ. ಆಮೇಲೆ ಒಲೆಯ ಹಿಂದಿನ ಕಲ್ಲಿಗೆ ಅಂಗೈ ಇಟ್ಟು ನೋಡಿದೆ. ಬೆಚ್ಚಗಿತ್ತು, ಒಣಗಿತ್ತು. ಆದರೂ ನಿನ್ನ ಬಾಯಿಂದ ಕೇಳಬೇಕು, ಎದುರಿಗೆ ಕೂರಿಸಿಕೊಂಡು. ಕಾಗದದಲ್ಲಿ ನಿನ್ನ ಮುಖ ಕಾಣುವುದಿಲ್ಲ.

ಮಳೆಗಾಲ ಮುಗಿದಿದೆ. ಕಲ್ಲಿನ ಮೇಲಿನ ಗಾಜು ಒಂದೂ ಒಡೆದಿಲ್ಲ. ನಂಬಿಕೆ ಬರದಿದ್ದರೆ ಬಂದು ನೋಡು. ಬರುವಾಗ ಅಮ್ಮನ ಪಟಕ್ಕೆ ಅಳತೆಯಾಗುವ ಹಾಗೆ ಒಂದು ಗಾಜು ತಾ. ಅಂಚು ಉಜ್ಜಿದ್ದೇ ತಾ, ಆಮೇಲೆ ಯಾರೋ ಬದಲಾಯಿಸಿದರು ಎಂದು ನಿನಗೆ ಅನುಮಾನ ಬರುವುದು ಬೇಡ.

ಅಕ್ಕ